ಹಳೆಯ ಶಾಫ್ಟಿಗೆ ಹೊಸ ಮೋಟಾರು

ಹೊಸ ತಂತ್ರಜ್ಞಾನದ ಹೊಡೆತಕ್ಕೆ ಒಂದು ಉದ್ಯಮ ಮುಳುಗಿದ ಕೂಡಲೇ ‘ಅವರಿಗೆ ಮುಂದಿನದು ಕಾಣಲಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ನಾನು ಇದನ್ನು ಒಪ್ಪುವುದಿಲ್ಲ. ಎಷ್ಟೋ ಸಲ ಅದು ಅವರಿಗೇ ಎಲ್ಲರಿಗಿಂತ ಮೊದಲು ಕಂಡಿರುತ್ತದೆ. ಕಂಡ ಮೇಲೂ ತಾವೇ ಕಟ್ಟಿದ ಗೋಡೆಯನ್ನು ಒಡೆಯಲು ಕೈ ಬರುವುದಿಲ್ಲ.

ಗೋಡೆ ಎಂದದ್ದು ಬರೀ ಮಾತಿಗಲ್ಲ. ಉಗಿಯಂತ್ರದ ಕಾಲದ ಕಾರ್ಖಾನೆಗೆ ಒಂದೇ ದೊಡ್ಡ ಎಂಜಿನ್. ಅದು ತಿರುಗಿಸುವ ಉದ್ದನೆಯ ದಂಡ, ಅಂದರೆ ಶಾಫ್ಟ್, ಚಾವಣಿಯ ಕೆಳಗೆ ಹಾದುಹೋಗುತ್ತಿತ್ತು. ಪ್ರತಿ ಯಂತ್ರವೂ ಬೆಲ್ಟಿನ ಮೂಲಕ ಅದಕ್ಕೆ ಜೋತುಬಿದ್ದಿತ್ತು. ಶಾಫ್ಟ್ ಉದ್ದವಾದಷ್ಟೂ ಶಕ್ತಿ ಪೋಲು. ಆದ್ದರಿಂದ ಕಟ್ಟಡವನ್ನು ಅಗಲಿಸದೆ ಮಹಡಿಯ ಮೇಲೆ ಮಹಡಿ ಏರಿಸಿದರು. ಕೆಲಸ ಯಾವ ಕ್ರಮದಲ್ಲಿ ನಡೆಯಬೇಕೆಂಬುದನ್ನು ಕೆಲಸಗಾರ ನಿರ್ಧರಿಸುತ್ತಿರಲಿಲ್ಲ, ಶಾಫ್ಟ್ ನಿರ್ಧರಿಸುತ್ತಿತ್ತು.

ನ್ಯೂಯಾರ್ಕಿನಲ್ಲಿ ಎಡಿಸನ್‌ನ ವಿದ್ಯುತ್ ಕೇಂದ್ರ ಶುರುವಾದದ್ದು 1882ರಲ್ಲಿ. 1900ರ ಹೊತ್ತಿಗೂ ಅಮೆರಿಕದ ಕಾರ್ಖಾನೆಗಳನ್ನು ನಡೆಸುವ ಶಕ್ತಿಯಲ್ಲಿ ವಿದ್ಯುತ್ತಿನ ಪಾಲು ಶೇಕಡಾ 5ರ ಆಸುಪಾಸಿನಲ್ಲೇ ಇತ್ತು. ವಿದ್ಯುತ್ ತಂದವರಲ್ಲೂ ಅನೇಕರು ಉಗಿ ಎಂಜಿನ್ ಕಿತ್ತು, ಅದೇ ಜಾಗದಲ್ಲಿ ಒಂದು ದೊಡ್ಡ ಮೋಟಾರು ಕೂರಿಸಿದರು. ಶಾಫ್ಟ್ ಅಲ್ಲೇ ಉಳಿಯಿತು, ಮಹಡಿಗಳೂ ಉಳಿದವು. ಖರ್ಚಿನಲ್ಲಿ ಒಂದಿಷ್ಟು ಉಳಿತಾಯವಾದದ್ದು ಬಿಟ್ಟರೆ ಹೆಚ್ಚೇನೂ ದಕ್ಕಲಿಲ್ಲ. ಪ್ರತಿ ಯಂತ್ರಕ್ಕೂ ಅದರದೇ ಚಿಕ್ಕ ಮೋಟಾರು ಬಂದು, ಒಂದೇ ಅಂತಸ್ತಿನ ವಿಶಾಲ ಕಟ್ಟಡದಲ್ಲಿ ಯಂತ್ರಗಳು ಕೆಲಸದ ಸರದಿಯಂತೆ ನಿಂತ ಮೇಲೆ, 1920ರ ದಶಕದಲ್ಲಿ ಉತ್ಪಾದಕತೆ ಜಿಗಿಯಿತು. ಸುಮಾರು ನಲವತ್ತು ವರ್ಷ! ಆ ಮಾಲೀಕರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಹಣ ಸುರಿದು ಕಟ್ಟಿದ, ಇನ್ನೂ ಗಟ್ಟಿಯಾಗಿರುವ ಕಟ್ಟಡವನ್ನು ಯಾರು ತಾನೇ ಕೆಡವುತ್ತಾರೆ?

ಕ್ಯಾಮೆರಾ ಫಿಲ್ಮಿಗೆ ಹೆಸರಾದ ಅಮೆರಿಕದ ಕಂಪನಿ ಕೊಡಾಕ್‌ನ ಗೋಡೆ ಲೆಕ್ಕದ ಪುಸ್ತಕದಲ್ಲಿತ್ತು. 1975ರಲ್ಲಿ ಡಿಜಿಟಲ್ ಕ್ಯಾಮೆರಾದ ಮಾದರಿಯನ್ನು ಕಟ್ಟಿದ ಸ್ಟೀವನ್ ಸ್ಯಾಸನ್ ಅಲ್ಲಿಯ ಎಂಜಿನಿಯರೇ. 2005ರಲ್ಲಿ ಅಮೆರಿಕದ ಡಿಜಿಟಲ್ ಕ್ಯಾಮೆರಾ ಮಾರಾಟದಲ್ಲಿ ಆ ಕಂಪನಿಯೇ ಮುಂದಿತ್ತು. ಆದರೆ ಅದರ ಲಾಭದ ಬಹುಪಾಲು ಬರುತ್ತಿದ್ದದ್ದು ಗ್ರಾಹಕ ಮತ್ತೆ ಮತ್ತೆ ಕೊಳ್ಳುವ ಫಿಲ್ಮ್ ಮತ್ತು ಮುದ್ರಣ ಕಾಗದದಿಂದ. 2012ರ ಜನವರಿಯಲ್ಲಿ ಅದು ಸಾಲ ತೀರಿಸಲಾಗದೆ ನ್ಯಾಯಾಲಯದಲ್ಲಿ ದಿವಾಳಿ ರಕ್ಷಣೆ ಕೋರಿತು. ಅದೇ ಬಿರುಗಾಳಿಗೆ ಸಿಕ್ಕ ಜಪಾನಿನ ಪ್ರತಿಸ್ಪರ್ಧಿ ಫ್ಯೂಜಿಫಿಲ್ಮ್, ಫಿಲ್ಮ್ ತಯಾರಿಕೆಯಲ್ಲಿ ಪಳಗಿದ ರಸಾಯನ ವಿದ್ಯೆಯನ್ನು ಎಲ್‌ಸಿಡಿ ಪರದೆಯ ಪದರಗಳಿಗೂ ಚರ್ಮದ ಪ್ರಸಾಧನಗಳಿಗೂ ತಿರುಗಿಸಿತು. ಸಾವಿರಾರು ಉದ್ಯೋಗಗಳು ಅಲ್ಲಿಯೂ ಹೋದವು. ಆ ನೋವನ್ನು ಮುಚ್ಚಿಟ್ಟು ಯಶಸ್ಸನ್ನಷ್ಟೇ ಹಾಡಿಹೊಗಳುವುದು ತಪ್ಪು.

ಇದನ್ನೆಲ್ಲ ಈಗ ಬರೆಯಲು ಕಾರಣ ಕೃತಕ ಬುದ್ಧಿಮತ್ತೆಯ ಭರಾಟೆ. ಎಲ್ಲರೂ ಅದನ್ನು ಕೊಳ್ಳುತ್ತಿದ್ದಾರೆ; ಕಡತ ಸಾಗುವ ದಾರಿಯನ್ನು ಮಾತ್ರ ಯಾರೂ ಮುಟ್ಟುತ್ತಿಲ್ಲ. ನಾನು ಹಿಂದೆ ದುಡಿದ ಕಚೇರಿಯೊಂದಕ್ಕೆ ಕಂಪ್ಯೂಟರ್ ವ್ಯವಸ್ಥೆ ಬಂದಾಗಲೂ ಹೀಗೆಯೇ ಆಯಿತು. ಅರ್ಜಿಯನ್ನು ಪರದೆಯ ಮೇಲೆ ತುಂಬಿ, ಮುದ್ರಿಸಿ, ಏಳು ಜನರ ಸಹಿ ಹಾಕಿಸಿ, ಮತ್ತೆ ಸ್ಕ್ಯಾನ್ ಮಾಡಿ ಏರಿಸುತ್ತಿದ್ದೆವು. ಆ ಏಳರಲ್ಲಿ ಯಾವ ಐದು ಸಹಿ ಬೇಡವೆಂದು ನಮ್ಮ ಹಿರಿಯ ಗುಮಾಸ್ತರಿಗೆ ಚೆನ್ನಾಗಿ ಗೊತ್ತಿತ್ತು. ನಿವೃತ್ತರಾಗುವ ದಿನದವರೆಗೂ ಅವರನ್ನು ಯಾರೂ ಕೇಳಲಿಲ್ಲ.