ಪಿತ್ತಕೋಶದ ಕ್ಯಾನ್ಸರಿಗೆ ಲ್ಯಾಪರೊಸ್ಕೋಪಿ: ಪರ-ವಿರೋಧ

ಪರ

ಪಿತ್ತಕೋಶದ ಕ್ಯಾನ್ಸರ್ ಎಂದರೆ ಹೊಟ್ಟೆಯನ್ನು ಅಗಲವಾಗಿ ತೆರೆಯಲೇಬೇಕು ಎಂಬ ನಿಲುವು ಬಂದುದಕ್ಕೆ ಕಾರಣವಿತ್ತು. ಜರ್ಮನಿಯ ಶಸ್ತ್ರಚಿಕಿತ್ಸಕ ಎರಿಕ್ ಮ್ಯೂಹೆ 1985ರಲ್ಲಿ ಲ್ಯಾಪರೊಸ್ಕೋಪಿಯ ಮೂಲಕ, ಅಂದರೆ ಹೊಟ್ಟೆಗೆ ಸಣ್ಣ ರಂಧ್ರಗಳನ್ನು ಕೊರೆದು ಕ್ಯಾಮೆರಾ ಮತ್ತು ಉಪಕರಣಗಳನ್ನು ಇಳಿಸಿ, ಪಿತ್ತಕೋಶವನ್ನು ತೆಗೆದ ಮೇಲೆ ಈ ವಿಧಾನ ಎಲ್ಲೆಡೆ ಹರಡಿತು. ಪಿತ್ತಕೋಶದ ಕಲ್ಲಿಗೆಂದು ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಅಡಗಿದ್ದ ಕ್ಯಾನ್ಸರ್, ಮುಂದೆ ರಂಧ್ರ ಕೊರೆದ ಜಾಗದಲ್ಲೇ ಗಡ್ಡೆಯಾಗಿ ಕಾಣಿಸಿಕೊಂಡ ವರದಿಗಳೂ ಬಂದವು. ಆದರೆ ರೋಗದ ಅರಿವಿಲ್ಲದೆ ಪಿತ್ತಕೋಶವನ್ನು ಚೀಲವಿಲ್ಲದೆ ಎಳೆದು ತೆಗೆಯುವುದಕ್ಕೂ, ರೋಗವನ್ನು ತಿಳಿದು, ಪಿತ್ತ ಚೆಲ್ಲದಂತೆ ಬಿಡಿಸಿ, ಚೀಲದೊಳಗಿಟ್ಟು ಹೊರತರುವುದಕ್ಕೂ ಅಜಗಜಾಂತರವಿದೆ.

ಗಾಯ ದೊಡ್ಡದಿರಲಿ ಚಿಕ್ಕದಿರಲಿ, ಒಳಗೆ ಮಾಡಬೇಕಾದ ಕೆಲಸ ಒಂದೇ. ಪಿತ್ತಕೋಶದ ಜೊತೆಗೆ ಅದು ಅಂಟಿಕೊಂಡಿರುವ ಯಕೃತ್ತಿನ ಭಾಗವನ್ನೂ ಪಿತ್ತನಾಳದ ಸುತ್ತಲಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯಬೇಕು. ರೋಗದ ಹಂತವನ್ನು ಸರಿಯಾಗಿ ನಿರ್ಣಯಿಸಲು ಕನಿಷ್ಠ 6 ಗ್ರಂಥಿಗಳಾದರೂ ಪರೀಕ್ಷೆಗೆ ಸಿಗಬೇಕು. ನುರಿತ ಕೈಗಳು ಇದನ್ನು ಕ್ಯಾಮೆರಾದ ನೆರವಿನಿಂದಲೂ ಮಾಡಬಲ್ಲವು. ರಕ್ತಸ್ರಾವ ಕಡಿಮೆ, ನೋವು ಕಡಿಮೆ. ಶಸ್ತ್ರಚಿಕಿತ್ಸೆಯ ನಂತರ ಸುಮಾರು ಆರು ತಿಂಗಳ ಕೀಮೋ ಮಾತ್ರೆಗಳು ಬೇಕಾಗುವುದುಂಟು, ಮತ್ತು ಶರೀರ ಚೇತರಿಸಿಕೊಂಡ ಮೇಲೆಯೇ ಅವು ಆರಂಭವಾಗುವುದು. ಮಳವಳ್ಳಿಯ ಕೂಲಿ ಹೆಣ್ಣುಮಗಳಿಗೆ ಈ ಚೇತರಿಕೆ ಚಿಕಿತ್ಸೆಯದೇ ಒಂದು ಭಾಗ.

ವಿರೋಧ

ಕ್ಯಾಮೆರಾದಿಂದ ಮಾಡಲು ಸಾಧ್ಯವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಪರವಾಗಿರುವ ಅಧ್ಯಯನಗಳಲ್ಲಿ ಬಹುಪಾಲು, ಅನುಭವಿ ಕೇಂದ್ರಗಳು ತಾವೇ ಆರಿಸಿಕೊಂಡ ಆರಂಭಿಕ ಹಂತದ ರೋಗಿಗಳ ಹಳೆಯ ದಾಖಲೆಗಳ ಹಿನ್ನೋಟಗಳು. ನಮ್ಮಲ್ಲಿ ಬಹಳಷ್ಟು ರೋಗಿಗಳಿಗೆ ಕಾಯಿಲೆ ಗೊತ್ತಾಗುವುದೇ ಕಾಮಾಲೆ ಕಾಣಿಸಿಕೊಂಡ ಮೇಲೆ. ಆ ಫಲಿತಾಂಶ ಅವರಿಗೆ ಅನ್ವಯಿಸದು.

ಪಿತ್ತಕೋಶದ ಗೋಡೆ ತೆಳು, ಯಕೃತ್ತಿಗೆ ತಾಗಿದ ಬದಿಯಲ್ಲಿ ಅದಕ್ಕೆ ಹೊರಪೊರೆಯೂ ಇಲ್ಲ. ಬಿಡಿಸುವಾಗ ಒಂದೆಡೆ ಹರಿದರೂ ಸಾಕು, ಕ್ಯಾನ್ಸರ್ ಕೋಶಗಳಿರುವ ಪಿತ್ತ ಹೊಟ್ಟೆಯೊಳಗೆ ಚೆಲ್ಲುತ್ತದೆ, ಗುಣಪಡಿಸಬಹುದಾಗಿದ್ದ ರೋಗ ಕೈಮೀರುತ್ತದೆ. ಇದನ್ನು ತಪ್ಪಿಸಲು ಬೇಕಾದ ಪಳಗಿದ ಕೈ ಬರುವುದು ಮತ್ತೆ ಮತ್ತೆ ಮಾಡಿದಾಗ. ಈ ಕ್ಯಾನ್ಸರ್ ಹೆಚ್ಚಾಗಿರುವುದು ಗಂಗಾನದಿಯ ಬಯಲಿನಲ್ಲಿ ಮತ್ತು ಈಶಾನ್ಯದಲ್ಲಿ. ಮೈಸೂರು, ಮಂಡ್ಯದ ಕಡೆ ಅಪರೂಪ. ಅಪರೂಪವೆಂಬುದು ನಮ್ಮ ಭಾಗ್ಯವೇ ಸರಿ, ಆದರೆ ಅದೇ ಕಾರಣಕ್ಕೆ ಇಲ್ಲಿನ ಶಸ್ತ್ರಚಿಕಿತ್ಸಕರಿಗೆ ಅಂಥ ಅಭ್ಯಾಸ ಒದಗುವುದು ಕಷ್ಟ.

ನನ್ನ ಹೆಚ್ಚಿನ ಕಳವಳ ಇದಕ್ಕೂ ಮೊದಲಿನ ಹೆಜ್ಜೆಯ ಬಗ್ಗೆ. ಸ್ಕ್ಯಾನಿಂಗಿನಲ್ಲಿ ಗೋಡೆ ಒಂದು ಕಡೆ ದಪ್ಪವಾಗಿದ್ದರೆ ಅಥವಾ 1 ಸೆಂಟಿಮೀಟರಿಗಿಂತ ದೊಡ್ಡ ಪಾಲಿಪ್ (ಒಳಗೋಡೆಯಿಂದ ಚಾಚಿದ ಗಂಟು) ಕಂಡರೆ, ಅದನ್ನು ಬರಿಯ ಕಲ್ಲಿನ ಆಪರೇಷನ್ನೆಂದು ಮುಗಿಸದೆ ಮೊದಲು ಸಿ.ಟಿ. ಮಾಡಿಸಬೇಕು. ಕಲ್ಲಿಗೆಂದೇ ತೆಗೆದ ಪಿತ್ತಕೋಶವೂ ಬಯಾಪ್ಸಿಗೆ ಹೋಗಲೇಬೇಕು, ವರದಿಯನ್ನು ಮನೆಯವರು ಪಡೆದು ವೈದ್ಯರಿಗೆ ತೋರಿಸಲೇಬೇಕು. ಒಳಪೊರೆಯನ್ನು ದಾಟದ ಕ್ಯಾನ್ಸರಿಗೆ ಆದ ಆಪರೇಷನ್ನೇ ಸಾಕಾಗಬಹುದು. ಸ್ನಾಯುಪದರ ಮುಟ್ಟಿದ್ದರೆ ಎರಡನೆಯ, ದೊಡ್ಡ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಅಂಥ ಶಸ್ತ್ರಚಿಕಿತ್ಸೆಗೆ ಮುನ್ನ ಕ್ಯಾಮೆರಾ ಇಳಿಸಿ ರೋಗ ಹೊಟ್ಟೆಯೊಳಗೆ ಹರಡಿದೆಯೇ ಎಂದು ನೋಡುವುದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ, ಏಕೆಂದರೆ ಹರಡಿದ್ದರೆ ರೋಗಿಗೆ ದೊಡ್ಡ ಗಾಯವೇ ತಪ್ಪುತ್ತದೆ. ಹರಡದಿದ್ದರೆ, ಈ ರೋಗದಲ್ಲೇ ಪಳಗಿದ ತಂಡ ಇಲ್ಲದ ಕಡೆ, ಹೊಟ್ಟೆಯನ್ನು ತೆರೆದೇ ಮುಂದುವರಿಯಬೇಕು.