ಐದು ಚುಕ್ಕಿ ಆದಮೇಲೆ ಫೋನ್ ಮಾಡಿ

ಯುಗಾದಿಗೆ ನಮ್ಮ ಮನೆಗೆ ಹೊಸ ಮಾನಿಟರ್ ಬಂತು. ಅಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಪರದೆಗೆ ಹಚ್ಚಬೇಡ ಅಂತ ಗೋಗರೆದು ಸ್ಟ್ಯಾಂಡಿಗೆ ಹಚ್ಚಿಸಿದೆ. 24 ಇಂಚಿನದ್ದು, ಹನ್ನೊಂದು ಸಾವಿರ ಚಿಲ್ಲರೆ. 1.67 ಕೋಟಿ ಬಣ್ಣ ತೋರಿಸುತ್ತದೆ ಅಂತ ಪೆಟ್ಟಿಗೆ ಮೇಲೆ ದೊಡ್ಡದಾಗಿ ಹಾಕಿದ್ದರು. ಇಷ್ಟು ಬಣ್ಣ ಚಿಕ್ಕಪೇಟೆಯಲ್ಲೂ ಸಿಗಲ್ಲ ಎಂದಳು ಹೆಂಡತಿ. ಸ್ವಿಚ್ ಹಾಕಿದೆವು. ಪರದೆ ಒಂದೆರಡು ಸೆಕೆಂಡು ಕಪ್ಪಗಿತ್ತು. ಅಷ್ಟರಲ್ಲೇ ಮಗಳು ಬೆರಳು ತೋರಿಸಿದಳು.

"ಅಪ್ಪಾ, ಅಲ್ಲೊಂದು ಹಸಿರು ಚುಕ್ಕಿ."

ಕನ್ನಡಕ ಹಾಕಿಕೊಂಡು ನೋಡಿದೆ. ನಟ್ಟನಡುವೆ, ಕೂದಲೆಳೆಯಷ್ಟು ಎಡಕ್ಕೆ. ಗಸಗಸೆ ಕಾಳನ್ನು ನಾಲ್ಕು ಭಾಗ ಮಾಡಿ ಅದರಲ್ಲಿ ಒಂದು ಭಾಗ ತೆಗೆದುಕೊಂಡರೆ ಎಷ್ಟೋ ಅಷ್ಟು. ಅಷ್ಟೇ. ಆದರೆ ಒಮ್ಮೆ ಕಂಡಮೇಲೆ ಅದು ಬಿಟ್ಟು ಬೇರೇನೂ ಕಾಣುವುದಿಲ್ಲ. ಅನ್ನದ ತಟ್ಟೆಯಲ್ಲಿ ಕೂದಲು ಕಂಡಹಾಗೆ. 1.67 ಕೋಟಿ ಬಣ್ಣದಲ್ಲಿ ಯಾವ ಬಣ್ಣ ಹಾಕಿದರೂ ಆ ಚುಕ್ಕಿಯ ಹಸಿರು ಮಾತ್ರ ಆರುವುದಿಲ್ಲ.

ಅಮ್ಮ ಬಗ್ಗಿ ನೋಡಿದಳು. "ಹೊಸ ಸಾಮಾನಲ್ವೇನೋ, ದೃಷ್ಟಿಬೊಟ್ಟು ಅಂದ್ಕೊಂಡು ಬಿಡು." ಒಳಗೆ ಹೋಗುತ್ತಾ ಗೊಣಗಿದಳು: "ಆದ್ರೆ ಬೊಟ್ಟು ಕಪ್ಪಿರಬೇಕಿತ್ತು."

ಕಂಪನಿಗೆ ಫೋನ್ ಮಾಡಿದೆ. ಕಂಪನಿ ಹೆಸರು ಬೇಡ ಬಿಡಿ, ಎಲ್ಲ ಕಂಪನಿಗೂ ಇದೇ ಜಾತಕ. ಹದಿನೈದು ನಿಮಿಷ ಪಿಟೀಲು ಕೇಳಿಸಿದ ಮೇಲೆ ಒಬ್ಬ ಹುಡುಗ ಸಿಕ್ಕಿದ. ಬಹಳ ಮರ್ಯಾದೆಯ ಹುಡುಗ. ನಾನು ಚುಕ್ಕಿಯ ಕಥೆಯನ್ನು ಮೊದಲಿಂದ ಕೊನೆವರೆಗೆ ಹೇಳಿದೆ. ಅವನು ಅಷ್ಟೂ ಕೇಳಿ, "ಸರ್, ಪ್ಲಗ್ ಹಾಕಿದ್ದೀರಾ?" ಎಂದ.

ಪ್ಲಗ್ ಹಾಕದೆ ಹಸಿರು ಚುಕ್ಕಿ ಉರಿಯುವಂತಿದ್ದರೆ ನಾನು ಅವನಿಗೆ ಯಾಕೆ ಫೋನ್ ಮಾಡುತ್ತಿದ್ದೆ? ವಿದ್ಯುತ್ ಇಲಾಖೆಗೆ ಮಾಡುತ್ತಿದ್ದೆ. ಆದರೆ ಅವನ ಮುಂದೆ ಒಂದು ಪಟ್ಟಿ ಇದೆ, ಅದರಲ್ಲಿ ಮೊದಲ ಸಾಲು ಪ್ಲಗ್. ಪ್ಲಗ್ ದಾಟದೆ ಕೇಬಲ್ ಇಲ್ಲ, ಕೇಬಲ್ ದಾಟದೆ ಸೆಟ್ಟಿಂಗ್ ಇಲ್ಲ. ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದ ಬೇಕೆಂದರೆ ಐದೂ ಅಧ್ಯಾಯ ಕೇಳಲೇಬೇಕು, ಅಲ್ವಾ, ಹಾಗೆ. ಪ್ಲಗ್ ಕಿತ್ತು, ಪವರ್ ಬಟನ್ ಮೂವತ್ತು ಸೆಕೆಂಡು ಒತ್ತಿ ಹಿಡಿದು, ಮತ್ತೆ ಹಾಕಿದೆ. ಚುಕ್ಕಿ ಇತ್ತು. ಎಚ್‌ಡಿಎಂಐ ಕೇಬಲ್ ಬದಲಾಯಿಸಿದೆ. ಇತ್ತು. ಲ್ಯಾಪ್‌ಟಾಪಿಗೆ ಹಚ್ಚಿದೆ. ಇತ್ತು.

ನಾನು ಸ್ವಲ್ಪ ತಿಳಿದವನಂತೆ ಹೇಳಿದೆ. "ನೋಡಪ್ಪಾ, ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿನಲ್ಲಿ ನೋಡಿದೆ. ಅದರಲ್ಲಿ ಚುಕ್ಕಿ ಇಲ್ಲ. ಕಂಪ್ಯೂಟರಿನ ತಪ್ಪಾಗಿದ್ದರೆ ಸ್ಕ್ರೀನ್‌ಶಾಟಿನಲ್ಲೂ ಬರಬೇಕಿತ್ತು. ಅಂದರೆ ಕೆಟ್ಟಿರೋದು ನಿಮ್ಮ ಮಾನಿಟರ್ರೇ."

"ತುಂಬಾ ಒಳ್ಳೆಯ ಮಾಹಿತಿ ಸರ್. ಈಗ ಮಾನಿಟರ್ ಮೆನುಗೆ ಹೋಗಿ ರೀಸೆಟ್ ಮಾಡಿ."

ಈ ಮೆನುವಿನ ಬಟನ್‌ಗಳನ್ನು ಮಾಡಿದ ಪುಣ್ಯಾತ್ಮನನ್ನು ಒಮ್ಮೆ ನೋಡಬೇಕು ನನಗೆ. ಪರದೆಯ ಕೆಳಗೆ, ಹಿಂಬದಿಗೆ, ಕಣ್ಣಿಗೆ ಕಾಣದ ಕಡೆ ಐದು ಗುಂಡಿ. ಐದೂ ಒಂದೇ ಆಕಾರ. ಕತ್ತಲಲ್ಲಿ ಎಮ್ಮೆ ಕೆಚ್ಚಲು ತಡಕಿದ ಹಾಗೆ ತಡಕಬೇಕು. ಮೆನು ಅಂತ ಒತ್ತಿದರೆ ಮಾನಿಟರ್ ಆಫ್ ಆಯಿತು. ಕೆಳಗೆ ಅಂತ ಒತ್ತಿದರೆ ಹೊಳಪು ಏರಿತು. ಹೇಗೋ ರೀಸೆಟ್ ಹತ್ತಿರ ಹೋಗಿ ಸರಿ ಅಂತ ಒತ್ತಿದೆ. ಅದು ರೀಸೆಟ್ ಆಗಿರಲಿಲ್ಲ, ಭಾಷೆ ಆಗಿತ್ತು. ಇಡೀ ಮೆನು ಯಾವುದೋ ಪರದೇಶದ ಲಿಪಿಗೆ ತಿರುಗಿತು. ಇಪ್ಪತ್ತು ಭಾಷೆ ಇತ್ತು ಅದರಲ್ಲಿ, ಕನ್ನಡ ಬಿಟ್ಟು. ವಾಪಸ್ ಇಂಗ್ಲಿಷಿಗೆ ತರಲು ಮಗಳಿಗೆ ಅರ್ಧ ಗಂಟೆ ಬೇಕಾಯಿತು.

ಇಷ್ಟೆಲ್ಲ ಆದಮೇಲೆ ಹುಡುಗ ಪಟ್ಟಿಯ ಕೊನೆಗೆ ಬಂದ. "ಎಷ್ಟು ಚುಕ್ಕಿ ಇದೆ ಸರ್?"

"ಒಂದು."

"ಒಂದು ಚುಕ್ಕಿ ದೋಷ ಅಲ್ಲ ಸರ್. ನಮ್ಮ ಪಾಲಿಸಿ ಪ್ರಕಾರ ಐದು ಆದರೆ ಮಾತ್ರ ದೋಷ."

ನಾನು ಒಂದು ಗಳಿಗೆ ಸುಮ್ಮನಾದೆ. ಅವನಿಗೂ ಏನೋ ಅನ್ನಿಸಿರಬೇಕು. ದನಿ ತಗ್ಗಿಸಿದ. "ಖರೇ ಹೇಳ್ಬೇಕಂದ್ರ ಸರ್, ನಮ್ಮ ಮನ್ಯಾಗಿನ ಟೀವಿದಾಗೂ ಹಿಂಗ ಎರಡು ಚುಕ್ಕಿ ಅದಾವ್ರಿ." ಮರುಕ್ಷಣ ಕರೆ ರೆಕಾರ್ಡ್ ಆಗುತ್ತಿರುವುದು ನೆನಪಾಯಿತೋ ಏನೋ, "ನಿಮಗೆ ಬೇರೆ ಏನಾದರೂ ಸಹಾಯ ಬೇಕಾ ಸರ್?" ಎಂದ.

ಹುಡುಗ ಸುಳ್ಳು ಹೇಳಿರಲಿಲ್ಲ. ವಾರಂಟಿ ಪುಸ್ತಕದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ನಿಜಕ್ಕೂ ಹಾಗೇ ಬರೆದಿತ್ತು. ಅದರ ಬೇರು ಹುಡುಕಿ ಹೊರಟರೆ ವಿಷಯ ಸೀದಾ ಜಿನೀವಾಕ್ಕೆ ಹೋಗಿ ನಿಲ್ಲುತ್ತದೆ. ಐಎಸ್ಒ ಅಂತ ಜಗತ್ತಿನ ಅಳತೆ-ಗುಣಮಟ್ಟದ ದೊಡ್ಡ ಸಂಸ್ಥೆ ಇದೆಯಲ್ಲ, ಅವರು 2001ರಲ್ಲಿ 13406-2 ಅನ್ನುವ ಮಾನದಂಡ ಹೊರಡಿಸಿದರು. ಪರದೆಗಳಲ್ಲಿ ನಾಲ್ಕು ದರ್ಜೆ. ಒಂದನೇ ದರ್ಜೆಯಲ್ಲಿ ಒಂದು ಚುಕ್ಕಿಯೂ ಕೆಟ್ಟಿರಬಾರದು. ಎರಡನೇ ದರ್ಜೆಯಲ್ಲಿ 10 ಲಕ್ಷ ಚುಕ್ಕಿಗೆ ಸದಾ ಉರಿಯುವವು 2, ಸದಾ ಕಪ್ಪಾದವು 2, ಅರೆಬರೆ ಕೆಟ್ಟವು 5 ಇರಬಹುದು. ನಾಲ್ಕನೇ ದರ್ಜೆಗೆ ಬಂದರೆ 50 ಉರಿಯುವವು, 150 ಕಪ್ಪಾದವು, 500 ಅರೆಬರೆ. ನಾಲ್ಕನೇ ದರ್ಜೆಯ ಮಾನಿಟರ್ ನಾನು ಈವರೆಗೆ ನೋಡಿಲ್ಲ. ನಾಲ್ಕನೇ ದರ್ಜೆಯ ರಸ್ತೆ ಮೇಲೆ ಮಾತ್ರ ದಿನಾ ಓಡಾಡುತ್ತೇನೆ. 2008ರಲ್ಲಿ ಆ ಮಾನದಂಡ ಹೋಗಿ 9241-307 ಅಂತ ಇನ್ನೊಂದು ಬಂತು. ನಂಬರು ಬದಲಾಯಿತು, ಚುಕ್ಕಿಗೆ ಸಿಕ್ಕ ಮಾಫಿ ಹಾಗೇ ಉಳಿಯಿತು.

ಕಂಪನಿಯವರದ್ದೂ ಒಂದು ಮಾತಿದೆ, ಇಲ್ಲ ಅನ್ನಲ್ಲ. ನನ್ನ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕಿ. ಒಂದೊಂದರಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಪುಟ್ಟ ಕಿಟಕಿ. ಅಲ್ಲಿಗೆ 62,20,800 ಕಿಟಕಿ. ಪ್ರತಿ ಕಿಟಕಿಗೂ ಒಂದು ಟ್ರಾನ್ಸಿಸ್ಟರ್ ಕಾವಲುಗಾರ. ಅವನು ಕಿಟಕಿ ತೆರೆದಿಟ್ಟು ನಿದ್ದೆ ಹೋದರೆ ನನ್ನ ಹಸಿರು ಚುಕ್ಕಿಯ ಹಾಗೆ ಹಗಲೂ ರಾತ್ರಿ ಉರಿಯುತ್ತದೆ. ಮುಚ್ಚಿಟ್ಟು ನಿದ್ದೆ ಹೋದರೆ ಕಪ್ಪು. 62 ಲಕ್ಷ ಕಾವಲುಗಾರರಲ್ಲಿ ಒಬ್ಬನೂ ತೂಕಡಿಸಬಾರದು ಅಂದರೆ ಕಷ್ಟವೇ. ಒಬ್ಬ ಮಲಗಿದ ಅಂತ ಇಡೀ ಪರದೆ ಎಸೆದರೆ ಬೆಲೆ ಏರುತ್ತದೆ. ಒಪ್ಪಿದೆ. ಹಾಗಿದ್ದರೆ 1.67 ಕೋಟಿ ಬಣ್ಣ ಅಂತ ಹಾಕಿದ ಅಕ್ಷರದಷ್ಟೇ ದೊಡ್ಡದಾಗಿ "ನಾಲ್ಕು ಚುಕ್ಕಿವರೆಗೆ ಕೆಟ್ಟಿರಬಹುದು" ಅಂತಲೂ ಪೆಟ್ಟಿಗೆ ಮೇಲೆ ಹಾಕಬೇಕಿತ್ತಲ್ಲ? ಫುಟ್‌ಪಾತಿನಲ್ಲಿ ಸೀರೆ ಮಾರುವವನು ಕೂಡ "ಅಕ್ಕಾ, ಡ್ಯಾಮೇಜ್ ಪೀಸು, ಸೆರಗಲ್ಲಿ ಒಂದು ತೂತಿದೆ" ಅಂತ ತೋರಿಸಿ ಅರ್ಧ ರೇಟಿಗೆ ಕೊಡುತ್ತಾನೆ.

ಅಮ್ಮನಿಗೆ ಈ ಪಾಲಿಸಿ ವಿವರಿಸುವುದೇ ದೊಡ್ಡ ಕೆಲಸವಾಯಿತು. ಅವಳು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಾ ಕೂತಿದ್ದಳು.

"ಅಂದ್ರೆ ಶೆಟ್ರು ಅಂಗಡೀಲಿ ಅಕ್ಕಿ ತಂದು ಕಲ್ಲಿದೆ ಅಂತ ಹೋದ್ರೆ, ಸೇರಿಗೆ ಐದು ಕಲ್ಲು ಆಗ್ಲಿ ತಾಯಿ, ಆಮೇಲೆ ಬನ್ನಿ ಅಂದ ಹಾಗಾಯ್ತು."

"ಹೂಂ."

"ಮೊರದಲ್ಲೇ ಬಾರಿಸ್ತಿದ್ದೆ."

ನಿಜ ಹೇಳಬೇಕೆಂದರೆ ಅಕ್ಕಿಗೂ ಲೆಕ್ಕ ಇದೆ. ಬೆಂಬಲ ಬೆಲೆಗೆ ಭತ್ತ ಕೊಳ್ಳುವಾಗ ಕಲ್ಲು-ಮಣ್ಣು 100ಕ್ಕೆ 1ರವರೆಗೆ ಇರಬಹುದು ಅಂತ ಸರ್ಕಾರವೂ ಹೇಳುತ್ತದೆ. ಅದೇ ಲೆಕ್ಕ ಹಿಡಿದರೆ ನನ್ನ ಪರದೆಯಲ್ಲಿ 20,736 ಚುಕ್ಕಿ ಕೆಡಬಹುದಿತ್ತು. ಇದನ್ನು ದಯವಿಟ್ಟು ಕಂಪನಿಗೆ ಹೇಳಬೇಡಿ. ಆದರೆ ಅಕ್ಕಿಗೆ ಮೊರ ಇದೆ. ಕಲ್ಲು ಆರಿಸಿ ಅಂಗಳಕ್ಕೆ ಎಸೆಯಬಹುದು. ಈ ಪರದೆಯನ್ನು ಯಾವ ಮೊರದಲ್ಲಿ ಕೇರುವುದು?

ಮನೆಮದ್ದು ಶುರುವಾಯಿತು. ಮಾನಿಟರ್ ಆಫ್ ಮಾಡಿ, ಮೆತ್ತನೆ ಬಟ್ಟೆ ಇಟ್ಟು, ಮೊಂಡು ಪೆನ್ಸಿಲಿನಿಂದ ಚುಕ್ಕಿ ಮೇಲೆ ಮೆಲ್ಲಗೆ ಒತ್ತಿದರೆ ಸರಿಹೋಗುತ್ತದೆ ಅಂತ ಆಫೀಸಿನವರೊಬ್ಬರು ಹೇಳಿದರು. ಒತ್ತಿದೆ. ಕೆಂಪು-ನೀಲಿ-ಹಸಿರು ಪಟಪಟ ಮಿನುಗುವ ವಿಡಿಯೋ ಇಡೀ ರಾತ್ರಿ ಓಡಿಸಿ, ಮಲಗಿದ ಕಾವಲುಗಾರ ಏಳುತ್ತಾನೆ ಎಂದರು ಇನ್ನೊಬ್ಬರು. ಓಡಿಸಿದೆ. ಕಾವಲುಗಾರ ಏಳಲಿಲ್ಲ, ಕಿಟಕಿಯಲ್ಲಿ ಬಣ್ಣಬಣ್ಣದ ಬೆಳಕು ಕಂಡು ಎದುರುಮನೆಯವರು ಎದ್ದು ಬಂದರು. ಆಷಾಢದ ಹೊತ್ತಿಗೆ ಹಸಿರು ಚುಕ್ಕಿಯ ಪಕ್ಕದಲ್ಲೇ ಇನ್ನೊಂದು ಬಂತು. ನಾನು ಒತ್ತಿದ್ದರಿಂದಲೇ ಬಂತು ಅಂತ ನೀವು ಹೇಳಬಹುದು. ನಾನು ಹೇಳಲ್ಲ.

ಅಲ್ಲಿಂದ ಮನೆಯ ಗಾಳಿಯೇ ಬದಲಾಯಿತು. ಅಲ್ಲಿಯವರೆಗೆ ಚುಕ್ಕಿ ಹೋಗಲಿ ಅಂತ ಬೇಡುತ್ತಿದ್ದವರು ಈಗ ಬರಲಿ ಅಂತ ಕಾಯತೊಡಗಿದೆವು. ಐದಾದರೆ ಹೊಸ ಮಾನಿಟರ್! ರಾತ್ರಿ ಊಟ ಆದಮೇಲೆ ದೀಪ ಆರಿಸಿ, ಪರದೆ ಪೂರ್ತಿ ಕಪ್ಪು ಮಾಡಿ, ಆಮೇಲೆ ಬಿಳಿ, ಕೆಂಪು, ಹಸಿರು, ನೀಲಿ ಹಾಕಿ ಎಲ್ಲರೂ ಸೇರಿ ಹುಡುಕುತ್ತಿದ್ದೆವು. ಕಪ್ಪಿನಲ್ಲಿ ಉರಿಯುವವು ಸಿಗುತ್ತವೆ, ಬಿಳಿಯಲ್ಲಿ ಸತ್ತವು. ಗೌರಿ ಹಬ್ಬ ಕಳೆದ ವಾರ ಹೆಂಡತಿ ಕಿರುಚಿದಳು. "ರೀ, ಬನ್ನಿ ಬೇಗ, ಕೆಂಪು ಬಂದಿದೆ!" ಮೂರನೆಯದು. ಪಾಯಸ ಮಾಡುವುದೊಂದು ಬಾಕಿ. ದಸರೆಗೆ ಒಂದು ಕಪ್ಪು ಬಂತು, ನಾಲ್ಕು. ಅಮ್ಮ ಕೊನೆಗೂ ಸಮಾಧಾನಪಟ್ಟಳು. ದೃಷ್ಟಿಬೊಟ್ಟಿನ ಬಣ್ಣ ಸರಿಹೋಯಿತಂತೆ. ಆಯುಧಪೂಜೆಯಲ್ಲಿ ನಾನು ಮಾನಿಟರಿಗೆ ಕೈಮುಗಿದು ಏನು ಬೇಡಿಕೊಂಡೆ ಅಂತ ಬಿಡಿಸಿ ಹೇಳಬೇಕಿಲ್ಲ.

ದೀಪಾವಳಿಗೆ ಎರಡು ದಿನ ಮುಂಚೆ, ಬಿಳಿ ಪರದೆಯ ಬಲ ಮೇಲ್ಮೂಲೆಯಲ್ಲಿ, ಐದನೆಯದು. ಕಪ್ಪು. ಸ್ಪಷ್ಟ. ಉಳಿದವಕ್ಕಿಂತ ತುಸು ದಪ್ಪ ಕೂಡ.

ಫೋನ್ ಮಾಡಿದೆ. ಮತ್ತೆ ಪ್ಲಗ್‌ನಿಂದ ಶುರು. ಎಲ್ಲ ಮುಗಿದ ಮೇಲೆ ಫೋಟೊ ಕಳಿಸಿ ಎಂದರು. ಮಾನಿಟರ್ ಪರದೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ನೋಡಿದ್ದೀರಾ? ಪರದೆಯ ಗೆರೆಗೂ ಕ್ಯಾಮೆರಾದ ಗೆರೆಗೂ ಹೊಂದದೆ, ರೇಷ್ಮೆ ಸೀರೆ ಬಿಸಿಲಿಗೆ ಹಿಡಿದಂತೆ ಅಲೆ ಅಲೆ ಬಣ್ಣ ಬರುತ್ತದೆ. ಚುಕ್ಕಿ ಬಿಟ್ಟು ಎಲ್ಲ ಕಾಣುತ್ತದೆ. ಹನ್ನೆರಡು ಫೋಟೊ ವಾಪಸ್ ಬಂದವು. ಹದಿಮೂರನೆಯದಕ್ಕೆ, ನನ್ನ ಕಾಟ ತಾಳಲಾರದೆ ಇರಬೇಕು, ಟೆಕ್ನಿಷಿಯನ್ ಕಳಿಸುತ್ತೇವೆ ಎಂದರು.

ಟೆಕ್ನಿಷಿಯನ್ ಒಳ್ಳೆಯ ಮನುಷ್ಯ. ಚಪ್ಪಲಿ ಬಿಟ್ಟು ಒಳಗೆ ಬಂದರು, ಅಮ್ಮ ಕೊಟ್ಟ ಕಾಫಿ ಕುಡಿದರು. ಬ್ಯಾಗಿನಿಂದ ಭೂತಗನ್ನಡಿ ತೆಗೆದರು. ನಾವು ನಾಲ್ಕೂ ಜನ ಹಿಂದೆ ನಿಂತೆವು. ಮಗಳು ಒಂದೊಂದೇ ತೋರಿಸಿದಳು. ಅವರು ಒಂದೊಂದೇ ಬರೆದುಕೊಂಡರು. ಹಸಿರು, ಒಂದು. ಅದರ ಪಕ್ಕದ್ದು, ಎರಡು. ಕೆಂಪು, ಮೂರು. ಕಪ್ಪು, ನಾಲ್ಕು. ಐದನೆಯದರ ಹತ್ತಿರ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಕನ್ನಡಕ ಒರೆಸುವ ಬಟ್ಟೆ ತೆಗೆದು, ತುದಿಯನ್ನು ಚೂರು ಒದ್ದೆ ಮಾಡಿಕೊಂಡು ಒರೆಸಿದರು.

ಐದನೇ ಚುಕ್ಕಿ ಬಟ್ಟೆಗೆ ಬಂತು.

"ನೊಣದ ಹಿಕ್ಕೆ ಸರ್."

ಯಾರೂ ಮಾತಾಡಲಿಲ್ಲ. ಅವರಿಗೇ ನಮ್ಮನ್ನು ನೋಡಿ ಬೇಜಾರಾಯಿತು. "ಇನ್ನೊಂದು ಬಂದರೆ ಸಾಕಲ್ಲ ಸರ್, ಮೂರು ವರ್ಷ ವಾರಂಟಿ ಇದೆ, ಬಂದೇ ಬರುತ್ತೆ" ಅಂತ ಧೈರ್ಯ ಹೇಳಿದರು. ಬಸುರಿ ಮಗಳ ತವರಿಗೆ ಹೇಳುವ ದನಿಯಲ್ಲೇ. ರಿಪೋರ್ಟಿನಲ್ಲಿ 'ದೋಷ ಕಂಡುಬಂದಿಲ್ಲ' ಅಂತ ಬರೆದು ಸಹಿ ಹಾಕಿಸಿಕೊಂಡರು. ನಾಲ್ಕು ಚುಕ್ಕಿಯ ಎದುರಿಗೇ ಕೂತು ಹಾಕಿದೆ ಸಹಿ. ಹೊರಡುವಾಗ ತಲೆ ಕೆರೆಯುತ್ತಾ, "ಸರ್, ನಿಮ್ಮ ಮೊಬೈಲಿಗೆ ಒಂದು ಹ್ಯಾಪಿ ಕೋಡ್ ಬಂದಿರುತ್ತೆ" ಎಂದರು.

"ಏನು ಕೋಡ್?"

"ಹ್ಯಾಪಿ ಕೋಡ್. ನೀವು ಖುಷಿಯಾಗಿದ್ದೀರಿ ಅಂತ. ಅದು ಹೇಳದಿದ್ದರೆ ನನಗೆ ಇವತ್ತಿನ ವಿಸಿಟ್ ದುಡ್ಡು ಸಿಗಲ್ಲ."

ನಾಲ್ಕಂಕಿಯ ಖುಷಿಯನ್ನು ಓದಿ ಹೇಳಿದೆ. ಬರೆದುಕೊಂಡು ಹೋದರು.

ಸಂಜೆ ಆಫೀಸಿನ ಕೆಲಸ ಮಾಡೋಣ ಅಂತ ಕೂತೆ. ಕೀಬೋರ್ಡ್ ಪಕ್ಕದಲ್ಲಿ ಒಂದು ಬಟ್ಟಲು ಇತ್ತು. ಅದರಲ್ಲಿ ಅಚ್ಚು ಬೆಲ್ಲದ ದೊಡ್ಡ ಚೂರು.

"ಅಮ್ಮಾ, ಇದ್ಯಾಕೆ ಇಲ್ಲಿ?"

"ನೊಣ ಬರ್ಲಿ ಅಂತ ಕಣೋ" ಎಂದಳು ಅಡುಗೆಮನೆಯಿಂದ. "ಈ ಸಲ ಕನ್ನಡಕ ಇಲ್ದಿರೋನ್ನ ಕಳ್ಸಕ್ಕೆ ಹೇಳು."