ಇದು ಯಾರ ಮನೆ ಗಿಡ?

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ದುಡ್ಡು ಕೊಟ್ಟು ತಂದ ಗಿಡ ಕಡಿಮೆ. ಕಾಕಡ ಚಿಂತಾಮಣಿ ಚಿಕ್ಕಮ್ಮನದು, ಬಿಳಿ ದಾಸವಾಳ ಎದುರುಮನೆಯವರದು, ಸಂಪಿನ ಪಕ್ಕದ ಕನಕಾಂಬರ ಅಜ್ಜಿ ಮನೆಯಿಂದ ಬಂದದ್ದು. ಹೊಸ ಗಿಡ ಕಂಡರೆ ಅಮ್ಮ ಮೊದಲು ಕೇಳುವುದು ಒಂದೇ, "ಇದು ಯಾರ ಮನೇದು?"

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಲ್ಲಿಗೆ ಬಂದ ಮೇಲೆ ಸ್ಲಿಪ್ಪರ್ ಆರ್ಕಿಡ್ ಬೆಳೆಸೋದು ಶುರುಮಾಡಿದೆ. ಹೂವಿನ ಒಂದು ಎಸಳು ಪುಟ್ಟ ಚಪ್ಪಲಿಯ ಮೂತಿಯ ಹಾಗೆ ಚೀಲವಾಗಿರುತ್ತದೆ. ಒಳಗೆ ಬಿದ್ದ ಹುಳ ಹಿಂದಿನ ಕಿರಿದಾದ ದಾರಿಯಿಂದಲೇ ಹೊರಗೆ ಬರಬೇಕು, ಬರುವಾಗ ಪರಾಗ ಮೈಗೆ ಅಂಟುತ್ತದೆ. ಮೊದಲ ಗಿಡ ಕೊಂಡಾಗ ಕುಂಡದಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿತ್ತು. ಅದರ ಮೇಲೆ ತಾಯಿ ಗಿಡ, ತಂದೆ ಗಿಡದ ಹೆಸರು, ಬೀಜ ಹಾಕಿದ ವರ್ಷ ಎಲ್ಲ ಪೆನ್ಸಿಲ್‌ನಲ್ಲಿ ಬರೆದಿತ್ತು. ಅಮ್ಮ ಕೇಳೋದೂ ಇದೇ ಅಲ್ವಾ ಅನಿಸಿತು.

ಇಲ್ಲಿಯವರು ಇದನ್ನು ಕಷ್ಟಪಟ್ಟು ಕಲಿತಿದ್ದಾರೆ. ಇವರದೇ ಕಾಡಿನ ಸ್ಲಿಪ್ಪರ್ ಆರ್ಕಿಡ್ ಅನ್ನು ಜನ ಕಿತ್ತು ಕಿತ್ತು ಮುಗಿಸಿದ್ದರು, 1930ರಲ್ಲಿ ನಾನಿರುವ ಈ ಯಾರ್ಕ್‌ಷೈರ್‌ನಲ್ಲೇ ಒಂದೇ ಒಂದು ಗಿಡ ಸಿಕ್ಕಿತು, ಆ ಜಾಗವನ್ನು ಗುಟ್ಟಾಗಿಟ್ಟು ಕಾವಲು ಕಾದರು, ಎಷ್ಟೋ ವರ್ಷದ ಮೇಲೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದವರು ಲ್ಯಾಬಿನಲ್ಲಿ ಬೀಜ ಮೊಳೆಸಿ ಸಸಿ ಮಾಡಿದರು. ನಮ್ಮ ಕಡೆಯೂ ಕಥೆ ಬೇರೆಯಲ್ಲ. ದಕ್ಷಿಣ ಭಾರತದ ಪ್ಯಾಫಿಯೊಪೆಡಿಲಮ್ ಡ್ರೂರಿ ಅನ್ನೋ ಸ್ಲಿಪ್ಪರ್ ಆರ್ಕಿಡ್ ಅಗಸ್ತ್ಯಮಲೆ ಬೆಟ್ಟಗಳ ಕಾಡು ಬಿಟ್ಟರೆ ಲೋಕದ ಬೇರೆ ಯಾವ ಕಾಡಿನಲ್ಲೂ ಇಲ್ಲ, ಅಲ್ಲೂ ಈಗ ಕಾಣುವುದೇ ಅಪರೂಪ.

ನಾನೂ ತಪ್ಪು ಮಾಡಿದೆ. ನಾಲ್ಕು ವರ್ಷದ ಹಿಂದೆ ಅಮ್ಮನಿಗೆ ಅಂತ ಫೋನಿನಲ್ಲಿ ಫೋಟೊ ನೋಡಿ ಒಂದು ಸ್ಲಿಪ್ಪರ್ ಆರ್ಕಿಡ್ ತರಿಸಿದೆ. ಮಾರಿದವರು ಯಾರು ಅನ್ನೋದು ಇಲ್ಲಿ ಬೇಡ. ಹಳೇ ಪೇಪರಿನಲ್ಲಿ ಸುತ್ತಿ ಬಂದಿತ್ತು. ಅಮ್ಮ ವಿಡಿಯೊ ಕಾಲ್‌ನಲ್ಲಿ ಬಿಚ್ಚಿ ತೋರಿಸಿದಳು. ಬೇರಿಗೆ ಕಾಡಿನ ಪಾಚಿ ಅಂಟಿತ್ತು, ಅರ್ಧ ಬೇರು ಹರಿದಿತ್ತು, ಎಲೆ ತುಂಬ ಹುಳ ತಿಂದ ತೂತು. ಕಾಡಿನಿಂದ ಕಿತ್ತದ್ದು ಅಂತ ನೋಡಿದ ಕೂಡಲೇ ಗೊತ್ತಾಗಿ ಎದೆ ಧಸಕ್ ಅಂದಿತು. ಮೂರು ತಿಂಗಳಲ್ಲಿ ಸುಳಿ ಕೊಳೆತು ಸತ್ತುಹೋಯಿತು. ನಮ್ಮ ದೇಶದ ಕಾಯ್ದೆಯಲ್ಲಿ ಇದನ್ನು ಕಾಡಿನಿಂದ ಕೀಳುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲ ಅಪರಾಧ. 1990ರಿಂದ ಪ್ಯಾಫಿಯೊಪೆಡಿಲಮ್‌ನ ಎಲ್ಲ ಜಾತಿಗಳೂ ಸೈಟಿಸ್ ಅನ್ನೋ, ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಲಗಾಮು ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿವೆ, ಅಂದರೆ ಕಾಡಿನ ಗಿಡವನ್ನು ದೇಶದಿಂದ ದೇಶಕ್ಕೆ ವ್ಯಾಪಾರ ಮಾಡುವ ಹಾಗೇ ಇಲ್ಲ. ಆದರೆ ನನಗೆ ಇವತ್ತಿಗೂ ಸಂಕಟ ಕೊಡೋದು ಆ ಹರಿದ ಬೇರು. ಇದರ ಬೀಜ ಧೂಳಿನಷ್ಟು ಸಣ್ಣದು, ಕಾಡಿನಲ್ಲಿ ಸರಿಯಾದ ಶಿಲೀಂಧ್ರ ಸಿಕ್ಕರಷ್ಟೇ ಮೊಳೆಯುತ್ತದೆ, ಬಾಟಲಿಯಲ್ಲಿ ಮೊಳೆಸಿದರೂ ಹೂ ಬಿಡೋಕೆ ನಾಲ್ಕೈದು ವರ್ಷ ಬೇಕು. ಅಷ್ಟನ್ನು ಒಬ್ಬರು ಒಂದು ನಿಮಿಷದಲ್ಲಿ ಕಿತ್ತು ಕೈಗೆ ಕೊಟ್ಟರು, ನಾನು ದುಡ್ಡು ಕಳಿಸಿದೆ.

ಊರಿನಲ್ಲಿ ಕಸಿ ಕೂಡಿಸಿದ ಮಾವಿನ ಸಸಿಗೆ ನೂರು ಪ್ರಶ್ನೆ ಕೇಳುವವರು ನಾವು. ಆರ್ಕಿಡ್ "ಅಪರೂಪದ್ದು" ಅಂದ ಕೂಡಲೇ ಸುಮ್ಮನಾಗಿಬಿಡುತ್ತೇವೆ. ಯಾಕೆ? ಕೇಳಿ. ಯಾರು ಬೆಳೆಸಿದ್ದು, ಬೀಜದ್ದಾ, ಬುಡ ಒಡೆದು ಮಾಡಿದ್ದಾ, ನರ್ಸರಿಗೆ ಪರವಾನಗಿ ಇದೆಯಾ. ಉತ್ತರ ಇಲ್ಲದಿದ್ದರೆ ಬಿಟ್ಟುಬಿಡಿ.

ಈಗ ಅಮ್ಮನ ಹತ್ತಿರ ಇರುವುದು ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ ಮಿಶ್ರತಳಿ. ಮಣ್ಣು ಬೇಡ, ತೊಗಟೆ ಚೂರು, ಇದ್ದಿಲು ಸಾಕು. ಪೂರ್ವದ ಕಿಟಕಿಯ ಎಳೆ ಬಿಸಿಲು ಇಷ್ಟ. ನೀರಿನದೇ ಕಷ್ಟ. ನಮ್ಮ ಬೋರ್‌ವೆಲ್ ನೀರು ಗಡಸು, ಹಾಕಿದ ಒಂದೇ ತಿಂಗಳಿಗೆ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿತು, ಎಲೆ ತುದಿ ಕಂದಾಯಿತು. ಲೀಡ್ಸ್‌ನಲ್ಲಿ ನಲ್ಲಿ ನೀರೇ ಸಾಕಾಗುತ್ತದೆ, ಹಾಗಾಗಿ ನನಗೆ ತಕ್ಷಣ ಹೊಳೆಯಲಿಲ್ಲ. ಅಮ್ಮನೇ ತಾರಸಿಯ ಮಳೆನೀರು ಹಿಡಿದಿಟ್ಟು, ಬೇಸಿಗೆಯಲ್ಲಿ ಲೋಟದಲ್ಲಿ ಅಳೆದು, ಸುಳಿಗೆ ಬೀಳದಂತೆ ಹಾಕುತ್ತಾಳೆ.

ಹೂ ಬಿಟ್ಟ ಚಿಗುರು ಮತ್ತೆ ಹೂ ಬಿಡುವುದಿಲ್ಲ, ಪಕ್ಕದಲ್ಲಿ ಮರಿ ಬರಬೇಕು. ಈ ವರ್ಷ ಎರಡು ಮರಿ ಬಂದಿವೆ. ಮೂರ್ನಾಲ್ಕು ಚಿಗುರು ಸೇರುವ ತನಕ ಬುಡ ಒಡೀಬೇಡಮ್ಮ ಅಂತ ಹೇಳಿದ್ದೇನೆ. ಅಮ್ಮ ಒಪ್ಪಿದ್ದಾಳೆ. ಆದರೆ ಒಂದು ಮರಿ ಚಿಂತಾಮಣಿ ಚಿಕ್ಕಮ್ಮನಿಗೆ ಅಂತ ಮಾತು ಕೊಟ್ಟೂ ಆಗಿದೆ.